ನಾಲ್ಕನೆಯ ಮನೆ

ಬಿಶೋಫ್ತುವಿನ ಎರೆಹೊಲದಲ್ಲಿ
ಮಳೆ ನಿಂತ ಮೇಲೆಯೇ ಕಡಲೆ ಬಿತ್ತುತ್ತಾರೆ.
ನೆಲ ಕುಡಿದಿಟ್ಟುಕೊಂಡ ನೀರು
ಕಾಳು ಕಟ್ಟುವವರೆಗೂ ಬರುತ್ತದೆ.
ನವೆಂಬರಿನ ಬೆಳಗು. ಬೀಜಕೇಂದ್ರದ ಹದಿನಾಲ್ಕನೆಯ ಸಾಲು.
ಅಸ್ನಾಕೆಚ್ ಮಂಡಿಯೂರಿದ್ದಾಳೆ, ಕೈಯಲ್ಲಿ ಚಿಮುಟ.

ಇನ್ನೂ ಬಾಯಿ ಬಿಡದ ಮೊಗ್ಗು,
ಒಳಗೆ ಹತ್ತು ಕೇಸರ.
ಒಂದೊಂದನ್ನೇ ಕೀಳಬೇಕು, ನಡುವಿನ ಶಲಾಕೆಗೆ
ಸುದ್ದಿಯೇ ಮುಟ್ಟದ ಹಾಗೆ.
ಆಮೇಲೆ ಬೇರೆ ಹೂವಿನ ಪರಾಗ ಸವರಿ
ತೊಟ್ಟಿಗೊಂದು ಕೆಂಪು ದಾರ.
ಹತ್ತೊಂಬತ್ತು ವರ್ಷದಿಂದ ಇದೇ.
ಸಂಜೆ ಬೆರಳು ನೆಕ್ಕಿದರೆ
ಇಂಜೆರಾಕ್ಕಿಂತ ಒಂದು ಗುಲಗಂಜಿ ಹೆಚ್ಚು ಹುಳಿ.

ಮಗಳು ಮೆಕ್ಲಿತ್ ಶಾಲೆಯಿಂದ ಒಂದು ಚೌಕ ತಂದಳು.
ಗೊಬ್ಬರದ ಚೀಲ ಮಗುಚಿ
ಇದ್ದಿಲಲ್ಲಿ ಗೀಚಿದಳು: ನಾಲ್ಕು ಮನೆ.
"ಇದು ಪನೆಟ್ ಚೌಕ. ಮೇಲೆ ಅಪ್ಪ, ಪಕ್ಕಕ್ಕೆ ಅಮ್ಮ.
ಕಡಲೆಗೆ ಅಪ್ಪನೂ ಅದೇ ಹೂವು, ಅಮ್ಮನೂ ಅದೇ ಹೂವು, ಇರಲಿ.
ದೊಡ್ಡಕ್ಷರ ಅಂದರೆ ನಸುಗೆಂಪು, ಚಿಕ್ಕಕ್ಷರ ಬಿಳಿ."

"ಅಕ್ಷರದಲ್ಲೂ ದೊಡ್ಡದು ಚಿಕ್ಕದು ಇರುತ್ತದಾ?"

ಅವಳ ಲಿಪಿಯಲ್ಲಿಲ್ಲ. ನನ್ನದರಲ್ಲೂ ಇಲ್ಲ.
ನಾನಾಗಿದ್ದರೆ ಗುರು ಲಘು ಹಾಕುತ್ತಿದ್ದೆ,
ಮೇಷ್ಟ್ರು ಬೆರಳು ಮಡಿಸಿ ಕಲಿಸಿದ ಪ್ರಸ್ತಾರ:
ಗುರು ಗುರು
ಲಘು ಗುರು
ಗುರು ಲಘು
ಲಘು ಲಘು.
ಒಂದು ಗುರು ಇದ್ದರೂ ಸಾಕು, ಹೂವು ಕೆಂಪು.
ಪದ್ಯಕ್ಕೆಂದು ಕಲಿತದ್ದು
ಇಷ್ಟು ದೂರ ಬಂದು ಹೊಲದಲ್ಲಿ ಸಿಗುತ್ತದೆಂದು
ಯಾರಿಗೆ ಗೊತ್ತಿತ್ತು.

ಅಸ್ನಾಕೆಚ್ ಮೊರದಿಂದ ಕಾಳು ಆರಿಸಿದಳು.
ಕೆಂಪಿಗೆ ಕಂದು ಕಾಳು, ಬಿಳಿಗೆ ಕಾಬೂಲಿ.
ಮಗಳು ಮನೆಗೆ ಎರಡರಂತೆ ಇಡುತ್ತಾ ಹೋದಳು.
ಕಂದು, ಕಂದು. ಬಿಳಿ, ಕಂದು. ಕಂದು, ಬಿಳಿ.
ಮುಂದಿನದು ವಿವರಿಸಲು ಉಸಿರೆಳೆದುಕೊಳ್ಳುವಷ್ಟರಲ್ಲಿ
ನಾಲ್ಕನೆಯ ಮನೆಯಲ್ಲಿ
ಅಮ್ಮನ ಕೈ ಎರಡು ಬಿಳಿ ಇಟ್ಟು ಆಗಿತ್ತು.

"ನಿನಗೆ ಹೇಗೆ ಗೊತ್ತು?"

"ಹೋದ ವರ್ಷ ಈ ಸಾಲು ಪೂರಾ ಕೆಂಪು.
ಹೊಸ ಆಫೀಸರು ಬಂದವನು
ಬಿಳಿ ಸತ್ತೇ ಹೋಯಿತು ಅಂದ. ನಾನು ನಕ್ಕೆ.
ಎಲ್ಲಿ ಹೋಗುತ್ತೆ, ಒಳಕೋಣೆಯಲ್ಲಿ ಕೂತಿದೆ.
ಮರುವರ್ಷ ನಾಲ್ಕಕ್ಕೊಂದು ಹೊರಗೆ ಬರುತ್ತೆ.
ಎಣಿಸಿ ಎಣಿಸಿ ಗೊತ್ತು.
ಯಾರೂ ಕೇಳಲಿಲ್ಲ."

ಇಬ್ಬರೂ ಸಾಲಿಗೆ ಹೋದರು. ಎಂಬತ್ತು ಗಿಡ.
ಚೌಕದ ಪ್ರಕಾರ ಅರವತ್ತು, ಇಪ್ಪತ್ತು.
ಸಿಕ್ಕಿದ್ದು ಐವತ್ತೇಳು ಕೆಂಪು, ಹದಿನೇಳು ಬಿಳಿ.
ಆರು ಗಿಡ, ಹೂ ಬಿಡುವ ಮೊದಲೇ,
ಬೇಲಿಯಾಚೆಯ ಮೇಕೆಯ ಹೊಟ್ಟೆಯಲ್ಲಿ.
ಮೆಕ್ಲಿತ್ ಮುಖ ಸಣ್ಣಗಾಯಿತು.
"ಮೇಕೆಗೊಂದು ಮನೆ ಬರೆಯುವುದನ್ನು
ನಿಮ್ಮ ಮೇಷ್ಟ್ರು ಮರೆತರು" ಅಂದಳು ಅಮ್ಮ.

ಒಂದು ಕಡೆ ಸಾಲಾಗಿ ಮೂರು ಬಿಳಿ.
ಇನ್ನೊಂದು ಕಡೆ ಹನ್ನೊಂದು ಗಿಡ ದಾಟಿದರೂ ಒಂದಿಲ್ಲ.
ಪ್ರತಿ ಕಾಳೂ ತನ್ನ ಕವಡೆ ತಾನೇ ಎಸೆಯುತ್ತದೆ,
ಪಕ್ಕದವಳಿಗೆ ಏನು ಬಿತ್ತೆಂದು ಕೇಳುವುದಿಲ್ಲ.

"ಈ ಕೆಂಪುಗಳಲ್ಲಿ ಬಿಳಿ ಬಚ್ಚಿಟ್ಟುಕೊಂಡವು ಯಾವುವು?"
"ಮೂರರಲ್ಲಿ ಎರಡು."
"ಯಾವ ಎರಡು?"
ಅಸ್ನಾಕೆಚ್ ಒಂದು ಹೂವನ್ನು ಬೆರಳಿಂದ ಎತ್ತಿ,
ತಿರುಗಿಸಿ, ನೋಡಿ, ಬಿಟ್ಟಳು.
"ಬಿತ್ತು. ಬರೋ ವರ್ಷ ಹೇಳುತ್ತೆ."

ಆ ರಾತ್ರಿ ಚೀಲದ ಮೇಲಿನ ಎಂಟು ಕಾಳು ಹುರಿದು
ಉಪ್ಪು ಹಾಕಿಕೊಂಡು ತಿಂದರು,
ತಲಾ ನಾಲ್ಕು.